ರಸ್ತೆಗೆ ಹೊಸ್ತಿಲಿಲ್ಲ

ಜೂನ್ 27, ಶುಕ್ರವಾರ

ನಿನ್ನೆ ಆಷಾಢ ಹುಟ್ಟಿತು. ಸೊಸೆಯನ್ನು ಮೊನ್ನೆಯೇ ಹರಿಹರಕ್ಕೆ, ಅವಳ ತವರಿಗೆ ಕಳಿಸಿದ್ದಾಯಿತು. ಮದುವೆಯಾದ ಮೊದಲ ಆಷಾಢದಲ್ಲಿ ಅತ್ತೆ ಸೊಸೆ ಒಂದೇ ಹೊಸ್ತಿಲು ದಾಟಬಾರದಂತೆ. ಈ ರೂಢಿ ಮಾಡಿದವರು ಯಾರೋ, ಅವರ ಹೊಟ್ಟೆ ತಣ್ಣಗಿರಲಿ. ಒಂದು ತಿಂಗಳು ಮನೆ ನನ್ನದು.

ಮೇ ತಿಂಗಳಲ್ಲಿ ಮಗ ಅರುಣನ ಮದುವೆ, ಅದೇ ತಿಂಗಳ ಕೊನೆಗೆ ನನ್ನ ನಿವೃತ್ತಿ. ಮಾಯಕೊಂಡದ ಹೈಸ್ಕೂಲಿನಲ್ಲಿ ಮೂವತ್ಮೂರು ವರ್ಷ ಗಣಿತ ಹೇಳಿ ಮನೆಗೆ ಬಂದು ನೋಡಿದರೆ ಅಡುಗೆಮನೆಯ ಡಬ್ಬಿಗಳೆಲ್ಲ ಜಾಗ ಬದಲಿಸಿದ್ದವು. ಸಾಸಿವೆ ಇದ್ದಲ್ಲಿ ಮೆಂತ್ಯ, ಮೆಂತ್ಯ ಇದ್ದಲ್ಲಿ ಉಪ್ಪು. ಕೇಳಿದರೆ ಆ ಹುಡುಗಿ, "ಪದೇ ಪದೇ ಬೇಕಾಗೋದು ಕೈಗೆ ಹತ್ರ ಇರ್ಲಿ ಅಂತ ಅತ್ತೆ. ನಿಮ್ಗೆ ಓಡಾಟ ಕಮ್ಮಿ ಆಗ್ತೈತೆ" ಅಂದಳು. ನನ್ನ ಅಡುಗೆಮನೆಯಲ್ಲಿ ನನ್ನದೇ ಓಡಾಟ ಲೆಕ್ಕ ಹಾಕಿದ್ದಾಳೆ!

ಅವಳ ಕೆಲಸವೂ ಅಂಥದ್ದೇ. ಯಾರಾದರೂ ದೊಡ್ಡ ಕಟ್ಟಡ ಕಟ್ಟುತ್ತೇವೆಂದರೆ, ಅದಕ್ಕೆ ಬಂದುಹೋಗುವವರಿಂದ ಹತ್ತಿರದ ಕೂಡುರಸ್ತೆಗಳಲ್ಲಿ ವಾಹನ ಎಷ್ಟು ಹೆಚ್ಚುತ್ತವೆ, ರಸ್ತೆ ಅಷ್ಟನ್ನು ತಡೆದೀತೋ ಇಲ್ಲವೋ ಎಂದು ವರದಿ ಬರೆಯುವುದು. ತಲೆಗೆ ಹೆಲ್ಮೆಟ್ಟು, ಮೈಗೆ ಹೊಳೆಯುವ ಹಸಿರು ಜಾಕೀಟು. ಹೊಸ ಮದುವಣಗಿತ್ತಿ ಹಾಗೆ ಹೊರಟರೆ ದೇವರಾಜ ಅರಸು ಬಡಾವಣೆಯ ಹೆಂಗಸರೆಲ್ಲ ಗೇಟಿಗೆ ಬರುತ್ತಿದ್ದರು.

ಇವತ್ತು ಡಬ್ಬಿಗಳನ್ನೆಲ್ಲ ಹಳೇ ಜಾಗಕ್ಕೆ ಇಟ್ಟೆ. ಸಂಜೆಯವರೆಗೆ ಬೇರೆ ಕೆಲಸವಿರಲಿಲ್ಲ. ಮೊಣಕಾಲು ನೋವು ವಿಪರೀತ.

ಜುಲೈ 1, ಮಂಗಳವಾರ

ಮೊಣಕಾಲು ಹಾಗೇ ಇದೆ. ಎಣ್ಣೆ ತಿಕ್ಕಿದೆ, ಪ್ರಯೋಜನವಿಲ್ಲ.

ಅರುಣ ಮುಖ ಸಣ್ಣಗೆ ಮಾಡಿಕೊಂಡು ಬಂದ. ಕೊಟ್ಟೂರಪ್ಪ ಅಂತ ಮೆಕ್ಕೆಜೋಳದ ವ್ಯಾಪಾರಿ, ಬಾತಿ ಕ್ರಾಸಿನಲ್ಲಿ ಎರಡು ಸಾವಿರ ಜನ ಹಿಡಿಸುವ ಕಲ್ಯಾಣಮಂಟಪ ಕಟ್ಟುತ್ತಾನಂತೆ. ಅದರ ವರದಿ ಬರೆಯುವ ಕೆಲಸ ಸೊಸೆಗೆ ಸಿಕ್ಕಿದೆ. ಇಷ್ಟು ದಿನ ಬೇರೆಯವರ ಕೈಕೆಳಗಿದ್ದವಳು, ಸ್ವಂತ ಸಹಿ ಹಾಕುವ ಮೊದಲ ವರದಿ ಇದು. ಸರಿಯಾದರೆ ಅವಳ ಹೆಸರು ನಿಲ್ಲುತ್ತದೆ, ಕೆಟ್ಟರೆ ಈ ಊರಲ್ಲಿ ಇನ್ಯಾರೂ ಕರೆಯುವುದಿಲ್ಲ. ವಾಹನ ಎಣಿಸಲು ಗೊತ್ತುಮಾಡಿದ್ದ ಇಬ್ಬರಲ್ಲಿ ಒಬ್ಬ ಜ್ವರ ಅಂತ ಮಲಗಿದ್ದಾನೆ, ಇನ್ನೊಬ್ಬ ಫೋನೇ ಎತ್ತುತ್ತಿಲ್ಲ.

"ಎಣಿಸಾಕೆ ಬರೋರು, ನಂಬಿಕಸ್ಥರು ಎರಡು ದಿನದಾಗ ಎಲ್ಲಿ ಸಿಗ್ತಾರೆ?" ಅಂದ ಅರುಣ.

ಇವರು ಪೇಪರಿನ ಹಿಂದಿನಿಂದಲೇ, "ನಿಮ್ಮಮ್ಮ ಅದಾಳಲ್ಲ. ಮನ್ಯಾಗ ಕೂತು ನನ್ನ ತಪ್ಪು ಎಣಿಸ್ತಾಳೆ. ಅಲ್ಲಿ ಲಾರಿ ಎಣಿಸ್ಲಿ" ಅಂದರು.

"ಆಷಾಢದಾಗ ನಾನು ಅವಳು ಒಂದೇ ಕಡೆ ಇರಬಾರ್ದು ಅಂತ ನಿಮಗೆ ಗೊತ್ತಿಲ್ವಾ?" ಅಂತ ನಾನು ಜೋರು ಮಾಡಿದೆ.

"ಒಂದೇ ಹೊಸ್ತಿಲು ದಾಟಬಾರ್ದು ಅಂದಾರೆ. ರಸ್ತೆಗೆ ಹೊಸ್ತಿಲು ಎಲ್ಲೈತೆ?"

ಉಚ್ಚೆಂಗಪ್ಪನವರು ಮದುವೆಯಾದ ಮೂವತ್ತು ವರ್ಷದಲ್ಲಿ ಆಡಿದ ಮೊದಲ ಬುದ್ಧಿವಂತಿಕೆಯ ಮಾತು. ಒಪ್ಪಿಕೊಂಡೆ. ಮನೆಯಲ್ಲಿ ಇನ್ನೂ ಇಪ್ಪತ್ತು ದಿನ ಗೋಡೆ ನೋಡುವುದಕ್ಕಿಂತ ವಾಸಿ ಅಂತ, ಸೊಸೆಯ ಸಲುವಾಗಿ ಏನಲ್ಲ.

ಜುಲೈ 3, ಗುರುವಾರ

ಬೆಳಿಗ್ಗೆ ಎಂಟಕ್ಕೆ ಬಾತಿ ಕ್ರಾಸು. ದಾವಣಗೆರೆಯಿಂದ ಹರಿಹರಕ್ಕೆ ಹೋಗುವ ರಸ್ತೆಗೆ ಊರೊಳಗಿನ ರಸ್ತೆ ಬಂದು ಸೇರುವ ಜಾಗ. ಸೊಸೆ ಹರಿಹರದಿಂದ ಸ್ಕೂಟರಿನಲ್ಲಿ ಬಂದಳು. ಅವಳು ರಸ್ತೆಯ ಆ ಕಡೆ, ನಾನು ಈ ಕಡೆ. ನಡುವೆ ಲಾರಿಗಳು. ಯಾವ ಶಾಸ್ತ್ರದವರೂ ತಪ್ಪು ಹಿಡಿಯುವಂತಿರಲಿಲ್ಲ.

ಕೆಲಸ ಸುಲಭ. ಹಾಳೆಯಲ್ಲಿ ಮನೆಗಳಿರುತ್ತವೆ: ಬೈಕು, ಆಟೋ, ಕಾರು, ಬಸ್ಸು, ಲಾರಿ, ಟ್ರ್ಯಾಕ್ಟರು. ಒಂದು ಹೋದರೆ ಒಂದು ಗೆರೆ. ಕಾಲು ಗಂಟೆಗೊಮ್ಮೆ ಹೊಸ ಸಾಲು. ಆಮೇಲೆ ಎಲ್ಲವನ್ನೂ ಕಾರಿಗೆ ಸಮ ಮಾಡುತ್ತಾರೆ. ಎರಡು ಬೈಕು ಒಂದು ಕಾರು, ಒಂದು ಬಸ್ಸು ಮೂರು ಕಾರು. ಈ ಲೆಕ್ಕ ನನಗೆ ಹಿಡಿಸಿತು.

ನಾನು ಕೂತದ್ದು ರೌಫ್ ಅವರ ಶಾಮಿಯಾನ ಅಂಗಡಿ ಮುಂದೆ. ಮದುವೆಗೆ ಕುರ್ಚಿ, ಪಾತ್ರೆ, ಪೆಂಡಾಲು ಬಾಡಿಗೆ ಕೊಡುವವರು. ನಾನು ಕಲ್ಲಿನ ಮೇಲೆ ಕೂತಿದ್ದು ನೋಡಿ, "ಟೀಚರಮ್ಮಾ, ಕಾಲು ನೋಯ್ತೈತೆ ಅಂತೀರಿ, ಇಲ್ಲಿ ಕೂಡ್ರಿ" ಅಂತ ಮದುಮಕ್ಕಳನ್ನು ಕೂರಿಸುವ ಕುರ್ಚಿಯನ್ನೇ ಹೊರಗೆ ತಂದಿಟ್ಟರು. ಕೆಂಪು ಮಖಮಲ್ಲು, ಬಂಗಾರದ ಬಣ್ಣದ ಕೈ, ಬೆನ್ನಿಗೆ ಎರಡು ನವಿಲು.

"ಬ್ಯಾಡ್ರಿ, ಯಾರಿಗಾದ್ರೂ ಬೇಕಾದೀತು" ಅಂದೆ.

"ಯಾರಿಗೂ ಬ್ಯಾಡಮ್ಮ, ಸುಮ್ನೆ ಬಿದ್ದೈತೆ."

ನನ್ನ ಮದುವೆಯಲ್ಲಿ ನನ್ನನ್ನು ಚಾಪೆ ಮೇಲೆ ಕೂರಿಸಿದ್ದರು. ಅರವತ್ತನೇ ವಯಸ್ಸಿನಲ್ಲಿ, ಹೆದ್ದಾರಿ ಪಕ್ಕ, ನವಿಲಿನ ಕುರ್ಚಿಯಲ್ಲಿ ಕೂತು ನೂರಾ ಹದಿನೆಂಟು ಲಾರಿ ಎಣಿಸಿದೆ. ಬಸ್ಸಿನವರೆಲ್ಲ ಕತ್ತು ತಿರುಗಿಸಿ ನೋಡಿಕೊಂಡು ಹೋದರು. ನೋಡಲಿ.

ಜುಲೈ 4, ಶುಕ್ರವಾರ

ಜಿಟಿಜಿಟಿ ಮಳೆ. ಕುರಿಮಂದೆ ಬಂತು. ಕುರಿಗೆ ಮನೆ ಇಲ್ಲ ಹಾಳೆಯಲ್ಲಿ. ಎಣಿಸಿದೆ, ನೂರಾ ನಲವತ್ತು. ಸೊಸೆ ರಸ್ತೆಯಾಚೆಯಿಂದ ಎರಡೂ ಕೈ ಎತ್ತಿ ಬೇಡ ಬೇಡ ಅಂದಳು. ಎಣಿಸಿದ್ದನ್ನು ಅಳಿಸಲು ನಾನೇನು ಇವತ್ತು ನಿನ್ನೆಯವಳೇ?

ಜುಲೈ 8, ಮಂಗಳವಾರ

ಇವತ್ತು ಜಗಳವಾಯಿತು, ಮಂಡಕ್ಕಿ ಮೇಲೆ.

ಮಂಡಕ್ಕಿ ಹುರಿಯುವ ಭಟ್ಟಿಯಿಂದ ಚೀಲ ಹೇರಿಕೊಂಡು ಗೂಡ್ಸ್ ಆಟೋಗಳು ಹೋಗುತ್ತವೆ. ಗಾಡಿ ಗೇಣುದ್ದ, ಹೊರೆ ಮನೆಯಷ್ಟು. ಆಚೆ ಈಚೆ ಒಂದೊಂದು ಮಾರು ಹೊರಗೆ ಬಂದಿರುತ್ತದೆ. ಹಿಂದಿನವರಿಗೆ ದಾರಿ ಕಾಣುವುದಿಲ್ಲ, ಪಕ್ಕದವರಿಗೆ ಜಾಗ ಸಿಗುವುದಿಲ್ಲ. ನಾನು ಅದನ್ನು ಲಾರಿಯ ಮನೆಯಲ್ಲಿ ಹಾಕಿದ್ದೆ.

"ಅತ್ತೆ, ಅದು ಆಟೋನೇ. ಪುಸ್ತಕದಾಗ ಹಂಗೇ ಐತೆ" ಅಂದಳು ಸ್ವಾತಿ.

"ಪುಸ್ತಕ ಬರೆದೋನು ಮಂಡಕ್ಕಿ ಗಾಡಿ ಹಿಂದೆ ಹೋಗಿಲ್ಲ ಬಿಡು."

ಅವಳು ಟೇಪು ತಂದು, ನಿಂತಿದ್ದ ಆಟೋ ಒಂದರ ಹೊರೆಯನ್ನು ಅಳೆದಳು. "ಲಾರಿಗಿಂತ ಅಗಲ ಐತಲ್ಲ!" ಅಂತ ನಕ್ಕು, ಹಾಳೆಯ ಕೊನೆಗೆ ಹೊಸ ಮನೆ ಹಾಕಿ "ಮಂಡಕ್ಕಿ" ಅಂತ ಬರೆದಳು. ಸೋತರೆ ನಗುವವರನ್ನು ನಾನು ಕಡಿಮೆ ನೋಡಿದ್ದೇನೆ.

ಮಧ್ಯಾಹ್ನ ಎರಡು ಟ್ರ್ಯಾಕ್ಟರುಗಳು, ಒಂದು ಹರಿಹರದ ರಸ್ತೆಯಿಂದ, ಒಂದು ಊರ ರಸ್ತೆಯಿಂದ ಬಂದು, ಕೂಡುವಲ್ಲಿ ಮೂತಿಗೆ ಮೂತಿ ತಾಗಿಸಿ ನಿಂತವು. ಇಬ್ಬರೂ ಹಿಂದೆ ಹೋಗಲೊಲ್ಲರು. ಸ್ವಾತಿ ಹಸಿರು ಜಾಕೀಟಿನಲ್ಲಿ ನಡುರಸ್ತೆಗೆ ಹೋಗಿ, "ಅಣ್ಣಾ, ಬಲಗಡೆಯಿಂದ ಬಂದೋರಿಗೆ ದಾರಿ ಮೊದ್ಲು. ಕಾನೂನು ಐತೆ" ಅಂದಳು. ಹಿಂದಿನಿಂದ ಹಾರನ್ನೋ ಹಾರನ್ನು. ಅವಳು ಜಗ್ಗಲಿಲ್ಲ. ಎಡಗಡೆಯ ಟ್ರ್ಯಾಕ್ಟರಿನ ಮೀಸೆಯವನು ಗೊಣಗುತ್ತಾ ಹಿಂದೆ ಸರಿದ. ನನಗೆ ಚಪ್ಪಾಳೆ ತಟ್ಟಬೇಕೆನಿಸಿತು, ಕೈಯಲ್ಲಿ ಪೆನ್ನಿತ್ತು.

ಡಬ್ಬಿಯಲ್ಲಿ ರೊಟ್ಟಿ, ಎಣ್ಣೆಗಾಯಿ ಹೆಚ್ಚಾಗಿತ್ತು. ಅವಳಿಗೂ ಕೊಟ್ಟೆ.

ಜುಲೈ 11, ಶುಕ್ರವಾರ

ಎಣಿಕೆ ಮುಗಿಯಿತು. ಇಬ್ಬರೂ ರೌಫ್ ಅವರ ಅಂಗಡಿ ಕಟ್ಟೆ ಮೇಲೆ ಕೂತು ಕೂಡಿದೆವು. ಅತಿ ಹೆಚ್ಚು ವಾಹನ ಹೋದ ಒಂದು ತಾಸಿನಲ್ಲಿ, ಎಲ್ಲವನ್ನೂ ಕಾರಿಗೆ ಸಮ ಮಾಡಿದರೆ, ಸಾವಿರದ ಒಂಬೈನೂರ ಹನ್ನೆರಡು. ಮಂಟಪ ಕಟ್ಟಿದ ಮೇಲೆ ಇನ್ನೊಂದು ನಾನೂರೈವತ್ತು ಸೇರಬಹುದು. ಒಟ್ಟು ಎರಡು ಸಾವಿರದ ಮುನ್ನೂರ ಅರವತ್ತೆರಡು. ಕ್ರಾಸು ಎರಡೂವರೆ ಸಾವಿರದವರೆಗೆ ತಡೆಯುತ್ತದೆ. ಅಂದರೆ ಪಾಸು. ಅವಳಿಗಿಂತ ಮೊದಲೇ ನಾನು ಕೂಡಿ ಮುಗಿಸಿದ್ದೆ, ಅದು ಬೇರೆ ಮಾತು.

ಕೊಟ್ಟೂರಪ್ಪನೂ ಬಂದಿದ್ದ. ಕ್ರಾಸಿಗೆ ಎದುರಾಗಿಯೇ ದೊಡ್ಡ ಗೇಟು ಬರಬೇಕಂತೆ, ಬಸ್ಸಲ್ಲಿ ಹೋಗುವವರಿಗೂ ಕಾಣಬೇಕಂತೆ. "ನೋಡ್ರಿ ಮೇಡಂ, ನಾನು ಮೊದ್ಲೇ ಹೇಳಿದ್ನಲ್ಲ, ಏನೂ ತೊಂದ್ರೆ ಇಲ್ಲ ಅಂತ" ಅಂತ ಪೇಡೆ ಹಂಚಿದ.

ಸಂಜೆ ಸ್ವಾತಿ ಸಹಿ ಹಾಕಿ, ಕಟ್ಟಡಕ್ಕೆ ಒಪ್ಪಿಗೆ ಕೊಡುವ ಯೋಜನಾ ಕಚೇರಿಗೆ ಕೊಟ್ಟಳಂತೆ. ಇಪ್ಪತ್ತೆರಡಕ್ಕೆ ಸಭೆ. ಸಹಿಯ ಫೋಟೋ ಕಳಿಸಿದ್ದಳು. ಅಕ್ಷರ ದುಂಡಗಿದೆ.

ಜುಲೈ 14, ಸೋಮವಾರ

ಬರೆದರೆ ಮನಸ್ಸು ಹಗುರವಾದೀತೇನೋ.

ರೌಫ್ ಅವರಿಗೆ ಒಂದು ಡಬ್ಬಿ ಉಪ್ಪಿನಕಾಯಿ ಕೊಟ್ಟು ಬರೋಣವೆಂದು ಬಾತಿಗೆ ಹೋದೆ. ಬಸ್ಸಿಳಿದು ಬರುವಷ್ಟರಲ್ಲೇ ನವಿಲಿನ ಕುರ್ಚಿ ಹೊರಗೆ ತಂದಿಟ್ಟಿದ್ದರು.

"ಈಗ ಬಂದಿದ್ದು ಒಳ್ಳೇದಾತು ಟೀಚರಮ್ಮ. ಇನ್ನ ಹತ್ತು ದಿನ ಬಿಟ್ಟು ಬಂದಿದ್ರೆ ಇದು ಸಿಗ್ತಿರ್ಲಿಲ್ಲ" ಅಂದರು.

"ಯಾಕ್ರಿ?"

"ಶ್ರಾವಣ ಬರ್ತೈತಲ್ಲಮ್ಮ. ಆಷಾಢದಾಗ ಒಂದ್ ಮದುವೆ ಇಲ್ಲ, ಒಂದ್ ಗೃಹಪ್ರವೇಶ ಇಲ್ಲ. ಅದಕ್ಕೇ ನಿಮ್ಗೆ ಕುರ್ಚಿ, ನನಗೆ ಪುರಸೊತ್ತು. ಮುಹೂರ್ತ ಶುರುವಾದ್ರೆ ಈ ರಸ್ತೆ ನೋಡ್ಬೇಕು ನೀವು. ಹರಿಹರದ ಛತ್ರ, ದಾವಣಗೆರೆ ಛತ್ರ, ಎಲ್ಲಾ ದಿಬ್ಬಣ ಇಲ್ಲೇ ಹಾಯ್ಬೇಕು. ಕಾಲಿಡಾಕೆ ಜಾಗ ಇರಲ್ಲ."

ಅವರ ಹಿಂದೆ ಮಾಳಿಗೆಯವರೆಗೆ ಜೋಡಿಸಿದ ಕುರ್ಚಿಗಳು. ಒಂದೂ ಕದಲಿಲ್ಲ. ಎಂಟು ದಿನ ಅವುಗಳಿಗೆ ಬೆನ್ನು ಹಾಕಿ, ಖಾಲಿ ಬಿದ್ದ ಮದುಮಗಳ ಕುರ್ಚಿಯಲ್ಲೇ ಕೂತು, ಕಲ್ಯಾಣಮಂಟಪಕ್ಕಾಗಿ ಆಷಾಢದಲ್ಲಿ ರಸ್ತೆ ಎಣಿಸಿದ್ದೇನೆ! ಆಷಾಢ ಅಂತಲೇ ಸೊಸೆಯನ್ನು ತವರಿಗೆ ಕಳಿಸಿದವಳು ನಾನು. ಆಷಾಢ ಅಂತಲೇ ತವರಿಗೆ ಹೋದವಳು ಅವಳು. ಇಬ್ಬರಿಗೂ ಹೊಳೆಯಲಿಲ್ಲ. ಮಳೆಗಾಲದಲ್ಲಿ ಛತ್ರಿ ಎಣಿಸುವುದು ಬಿಟ್ಟು ಬೇಸಿಗೆಯಲ್ಲಿ ಎಣಿಸಿದ ಹಾಗಾಯಿತು.

ವರದಿಯ ಕೆಳಗಿರುವ ಆ ದುಂಡಗಿನ ಸಹಿ ಕಣ್ಣಮುಂದೆ ಬರುತ್ತಿದೆ. ನಾಳೆ ಮಂಟಪ ಎದ್ದು, ಮೊದಲ ಮುಹೂರ್ತಕ್ಕೇ ಕ್ರಾಸು ಕಟ್ಟಿಕೊಂಡರೆ ಎಲ್ಲರೂ ಕೇಳುವುದು ಒಂದೇ: ಬರೆದವರು ಯಾರು? ಇಂಥದ್ದನ್ನು ಫೋನಿನಲ್ಲಿ ಹೇಳಲಾರೆ.

ಜುಲೈ 15, ಮಂಗಳವಾರ

ಹರಿಹರಕ್ಕೆ ಹೋಗಿ ಬಂದೆ. ಬೀಗರ ಮನೆ ಹೊಳೆಯ ಕಡೆಗೆ, ದೇವಸ್ಥಾನದ ಹಿಂದಿನ ಓಣಿಯಲ್ಲಿ. ಬೀಗಿತ್ತಿ ಕಸ್ತೂರಮ್ಮ ಬಾಗಿಲಿಗೆ ಓಡಿ ಬಂದವರು ನನ್ನನ್ನು ನೋಡಿ ಗಾಬರಿಯಾದರು. "ಅಯ್ಯೋ, ಬರ್ರಿ ಅನ್ನಾಕೂ ಬರಂಗಿಲ್ಲ, ಬ್ಯಾಡ ಅನ್ನಾಕೂ ಬರಂಗಿಲ್ಲ. ಒಳಗ ಸ್ವಾತಿ ಅದಾಳೆ!"

"ನಾನು ಕಟ್ಟೆ ಮೇಲೇ ಕೂಡ್ತೀನಿ. ಅವಳ್ನ ಬಾಗಿಲಿಗೆ ಕರೀರಿ."

ಕಟ್ಟೆಗೇ ಚಾಪೆ ಬಂತು, ಚಹಾ ಬಂತು. ಸ್ವಾತಿ ಹೊಸ್ತಿಲಿನ ಒಳಗೆ ಕೂತಳು, ನಾನು ಹೊರಗೆ. ಹಾಳೆಗಳನ್ನು ಹೊಸ್ತಿಲ ಮೇಲೆ ಹರಡಿಕೊಂಡೆವು. ಹೇಳಿದೆ.

ಅವಳು ಕಣ್ಣು ತುಂಬಿಕೊಂಡಳು. ಆಮೇಲೆ, "ನಾನೇ ಆಷಾಢಕ್ಕೆ ಅಂತ ಇಲ್ಲಿ ಬಂದು ಕುಂತೀನಲ್ಲ ಅತ್ತೆ" ಅಂದಳು.

"ನಿಂಗೆ ಇಪ್ಪತ್ತಾರು. ನಂಗೆ ಅರವತ್ತು. ಹೆಚ್ಚಿನ ತಪ್ಪು ನಂದು" ಅಂದೆ.

ಕಸ್ತೂರಮ್ಮ ದನಿ ತಗ್ಗಿಸಿ, "ಯಾರಿಗೆ ಗೊತ್ತಾಗ್ತೈತೆ? ಬಿಡ್ರವ್ವ, ಮೊದ್ಲನೇ ಕೆಲ್ಸ, ಕಳ್ಕೊಂಡ್ರೆ ಹೆಂಗೆ?" ಅಂದರು. ಸುಳ್ಳು ಯಾಕೆ ಬರೆಯಲಿ, ಬಸ್ಸಿನಲ್ಲಿ ಬರುವಾಗ ನನಗೂ ಒಂದು ಸಲ ಹಾಗೇ ಅನಿಸಿತ್ತು.

ಸ್ವಾತಿ ಕಣ್ಣೊರೆಸಿಕೊಂಡು ಹಾಳೆಗಳನ್ನು ಜೋಡಿಸಿದಳು. "ವರದಿ ವಾಪಸ್ ತಗೋತೀನಮ್ಮ. ಶ್ರಾವಣದಾಗ ಮುಹೂರ್ತದ ದಿನ ಮತ್ತೆ ಎಣಿಸ್ತೀನಿ. ಕೊಟ್ಟೂರಪ್ಪನೋರು ಬ್ಯಾರೆ ಕಡೆ ಹೋಗ್ತಾರೆ, ಹೋಗ್ಲಿ."

ನನಗೆ ಅವಳ ತಲೆ ಮೇಲೆ ಕೈ ಇಡಬೇಕೆನಿಸಿತು. ಕೈ ಹೊಸ್ತಿಲು ದಾಟಬಹುದೋ ಇಲ್ಲವೋ ಗೊತ್ತಾಗಲಿಲ್ಲ. ಇಟ್ಟೆ.

ಜುಲೈ 17, ಗುರುವಾರ

ನಿನ್ನೆ ವರದಿ ವಾಪಸ್ ತಗೊಂಡ ಸ್ವಾತಿ ಜೊತೆ, ಶ್ರಾವಣದ ಎಣಿಕೆಗೆ ಜಾಗ ನೋಡಲು ಬಾತಿ ಕ್ರಾಸಿಗೆ ಹೋಗಿದ್ದೆ. ಸುದ್ದಿ ಕೇಳಿ ಕೊಟ್ಟೂರಪ್ಪ ಅಲ್ಲಿಗೇ ಬಂದ. ಮುಖ ಕೆಂಡ.

"ಪಾಸಾಗಿದ್ದ ಲೆಕ್ಕನ ಫೇಲ್ ಮಾಡ್ತೀರೇನ್ರಿ ಮೇಡಂ? ಬ್ಯಾರೇರ ಹತ್ರ ಬರೆಸ್ತೀನಿ, ಎರಡು ದಿನದ ಕೆಲ್ಸ" ಅಂತ ಕೂಗಾಡಿದ.

ಸ್ವಾತಿ ನಿಂತಲ್ಲೇ, "ಬರೆಸ್ರಿ ಸರ್. ನನ್ನ ಸಹಿ ಮಾತ್ರ ಇರಲ್ಲ" ಅಂದಳು.

ನಾನು ನವಿಲಿನ ಕುರ್ಚಿಯಲ್ಲಿದ್ದೆ. ಕೊನೇ ಬೆಂಚಿನವರಿಗೆ ಕೇಳಿಸುವ ದನಿ ಇನ್ನೂ ಇದೆ ನನ್ನಲ್ಲಿ. "ಕೊಟ್ಟೂರಪ್ಪನೋರೆ, ಒಂದು ಲೆಕ್ಕ ಕೇಳ್ತೀನಿ, ಹೇಳ್ರಿ. ಮುಹೂರ್ತ ಹತ್ತೂವರೆಗೆ. ದಿಬ್ಬಣ ಹತ್ತಕ್ಕೆ ಈ ಕ್ರಾಸಿಗೆ ಬರ್ತೈತೆ. ನಿಮ್ ಗೇಟು ಇಲ್ಲೇ ಕಾಣ್ತೈತೆ. ಗಾಡಿ ಮುಕ್ಕಾಲು ತಾಸು ಕದಲಲ್ಲ. ತಾಳಿ ಕಟ್ಟೋದು ಎಷ್ಟಕ್ಕೆ?"

ಅವನು ಬೆರಳು ಮಡಚಿ ಲೆಕ್ಕ ಹಾಕತೊಡಗಿದ.

ರೌಫ್ ಒಳಗಿನಿಂದ ಪಾತ್ರೆ ಉಜ್ಜುತ್ತಲೇ, "ಮೇ ತಿಂಗಳದಾಗ ಹಂಗೇ ಆತು ಸಾಹೇಬ್ರೆ. ಮದುಮಗ ನನ್ನ ಅಂಗಡಿ ಮುಂದೆ ಕಾರಿಳಿದು, ಬಾಸಿಂಗ ಕೈಯಾಗ ಹಿಡ್ಕೊಂಡು ಓಡಿದ. ಹಿಂದೆ ಬ್ಯಾಂಡ್‌ನೋರು ಓಡಿದ್ರು" ಅಂದರು.

"ಒಂದು ಸಲ ಮುಹೂರ್ತ ತಪ್ಪಿದ ಮಂಟಪನ ಯಾರು ಬುಕ್ ಮಾಡ್ತಾರ್ರಿ?" ಅಂದೆ ನಾನು.

ಕೊಟ್ಟೂರಪ್ಪ ರಸ್ತೆ ನೋಡಿದ, ಗೇಟು ಬರಬೇಕಾದ ಜಾಗ ನೋಡಿದ, ಟವೆಲ್ಲಿನಿಂದ ಕತ್ತು ಒರೆಸಿಕೊಂಡ. "ಶ್ರಾವಣದ ತನಕ ಕಾಯ್ತೀನಿ. ಸಭೆ ಮುಂದಕ್ಕೆ ಹಾಕಿಸ್ರಿ" ಅಂತ ಗೊಣಗಿ ಹೋದ.

ಸ್ವಾತಿ ನನ್ನ ಕುರ್ಚಿಯ ಕೈ ಹಿಡಿದುಕೊಂಡು ನಿಂತಿದ್ದಳು. ಬೆರಳು ತಣ್ಣಗಿದ್ದವು. ರೌಫ್ ಅವರಿಗೆ ಹೇಳಿ ಚಹಾ ತರಿಸಿದೆ.

ಜುಲೈ 24, ಗುರುವಾರ

ಅಮಾವಾಸ್ಯೆ. ಆಷಾಢ ಮುಗಿಯಿತು. ಈ ಸಲ ಬಹಳ ಉದ್ದವಿತ್ತು.

ಸಾಸಿವೆ ಡಬ್ಬಿಯನ್ನು ಒಲೆ ಹತ್ತಿರಕ್ಕೆ ತಂದಿಟ್ಟೆ. ಅಷ್ಟು ದೂರ ಯಾಕಿತ್ತೋ.

ಜುಲೈ 25, ಶುಕ್ರವಾರ

ಸ್ವಾತಿ ಬಂದಳು. ಆರತಿ ಎತ್ತಿ ಒಳಗೆ ಕರೆದುಕೊಂಡೆ. ಹೋಳಿಗೆ ಮಾಡಿದ್ದೆ. ಇವರು ನಾಲ್ಕು ತಿಂದರು.

ಆಗಸ್ಟ್ 3, ಭಾನುವಾರ

ದೊಡ್ಡ ಮುಹೂರ್ತ. ಏಳಕ್ಕೇ ಕ್ರಾಸಿನಲ್ಲಿದ್ದೆವು. ರೌಫ್ ಅವರ ಅಂಗಡಿ ಬರಿದಾಗಿತ್ತು, ಒಂದು ಸ್ಟೂಲೂ ಇರಲಿಲ್ಲ. ಐದು ತಾಸು ನಿಂತೇ ಎಣಿಸಿದೆ.

ಅಬ್ಬಾ, ಏನು ಜನ, ಏನು ಗಾಡಿ! ಹೂವಿನ ಕಾರು, ಬ್ಯಾಂಡಿನ ವ್ಯಾನು, ಬೀಗರ ಬಸ್ಸು, ಟ್ರ್ಯಾಕ್ಟರಿನ ತುಂಬ ರೇಷ್ಮೆ ಸೀರೆ. ಗೆರೆ ಎಳೆಯುವಷ್ಟರಲ್ಲಿ ಇನ್ನೆರಡು. ಹತ್ತು ಗಂಟೆಗೆ ಒಂದು ಗೂಡ್ಸ್ ಆಟೋದ ಮೇಲೆ ನನ್ನ ನವಿಲಿನ ಕುರ್ಚಿ ಹಾದುಹೋಯಿತು. ಸ್ವಾತಿ ಆಚೆಯಿಂದ, "ಅತ್ತೆ, ನಿಮ್ ಕುರ್ಚಿ! ನಿಮ್ ಕುರ್ಚಿ!" ಅಂತ ಕುಣಿದಳು. ಗೂಡ್ಸ್ ಆಟೋ, ಒಂದು. ಬರೆದುಕೊಂಡೆ.

ಸಂಜೆ ಮನೆಯಲ್ಲೇ ಕೂಡಿದೆವು. ದಟ್ಟಣೆಯ ತಾಸಿಗೆ ಎರಡು ಸಾವಿರದ ಮುನ್ನೂರ ಎಂಬತ್ತು. ಮಂಟಪದ ನಾನೂರೈವತ್ತು ಸೇರಿದರೆ ಎರಡು ಸಾವಿರದ ಎಂಟುನೂರ ಮೂವತ್ತು. ಕ್ರಾಸು ತಡೆಯುವುದಿಲ್ಲ. ಗೇಟು ಹಿಂದಿನ ಊರ ರಸ್ತೆಗೆ ಹೋಗಬೇಕು, ಗಾಡಿ ಒಳಗೇ ತಿರುಗಿ ಒಳಗೇ ನಿಲ್ಲಬೇಕು. ಹಾಗೆ ಮಾಡಿದರೆ ನಡೆಯುತ್ತದೆ. ಇಬ್ಬರೂ ಒಟ್ಟಿಗೇ ಕೂಡಿ ಮುಗಿಸಿದೆವು. ನಾನು ಸ್ವಲ್ಪ ನಿಧಾನ ಮಾಡಿದ್ದೆ.

ಆಗಸ್ಟ್ 21, ಗುರುವಾರ

ಇವತ್ತು ಯೋಜನಾ ಕಚೇರಿಯ ಸಭೆ. ನಾನು ಗೋಡೆ ಪಕ್ಕದ ಬೆಂಚಿನಲ್ಲಿ ಕೂತಿದ್ದೆ. ಸ್ವಾತಿ ನೀಲಿ ಸೀರೆ ಉಟ್ಟು ನಿಂತು ಎಲ್ಲ ವಿವರಿಸಿದಳು. ಕೊಟ್ಟೂರಪ್ಪ ಹಿಂದಿನ ಗೇಟಿಗೆ ಒಪ್ಪಿ ನಕ್ಷೆ ತಂದಿದ್ದ. ಕಮಾನು ಮಾತ್ರ ಕ್ರಾಸಿನಿಂದ ಕಾಣುವಷ್ಟು ಎತ್ತರ ಮಾಡಿಸುತ್ತಾನಂತೆ, ಮಾಡಿಸಲಿ.

ದೊಡ್ಡ ಸಾಹೇಬರು ಕನ್ನಡಕ ತೆಗೆದು, "ಮೊದಲ್ನೇ ವರದಿ ಯಾಕ ವಾಪಸ್ ತಗೊಂಡ್ರಿ?" ಅಂತ ಕೇಳಿದರು. ಮಳೆ ಅನ್ನಬಹುದಿತ್ತು, ಎಣಿಸುವವರು ಸಿಗಲಿಲ್ಲ ಅನ್ನಬಹುದಿತ್ತು.

"ಕಲ್ಯಾಣಮಂಟಪದ ಸಲುವಾಗಿ ಆಷಾಢದಾಗ ಎಣಿಸಿದ್ವಿ ಸರ್. ತಪ್ಪು ನಂದು. ತಪ್ಪು ಹಿಡಿದೋರು ನಮ್ಮತ್ತೆ, ಅಲ್ಲಿ ಕೂತಾರೆ."

ಇಡೀ ಸಭೆ ನನ್ನ ಕಡೆ ತಿರುಗಿತು. ಸಾಹೇಬರು ನಕ್ಕುಬಿಟ್ಟರು. "ನಮ್ಮ ಸೊಸೇನೂ ತವರಿಗೆ ಹೋಗಿದ್ಳು ನೋಡ್ರಿ. ನಾನೂ ಆ ವರದಿ ಓದಿದ್ದೆ, ನನಗೂ ಹೊಳಿಲಿಲ್ಲ" ಅಂತ ಸಹಿ ಹಾಕಿದರು. ಇನ್ನೊಬ್ಬರು ಹೊರಗೆ ಸ್ವಾತಿಯ ಫೋನ್ ನಂಬರು ಕೇಳಿ ಬರೆದುಕೊಂಡರು, ಹರಿಹರದಲ್ಲಿ ಯಾವುದೋ ಆಸ್ಪತ್ರೆ ಕಟ್ಟುವವರಿಗೆ ಬೇಕಂತೆ. ಮೂವತ್ಮೂರು ವರ್ಷದಲ್ಲಿ ಎಷ್ಟೋ ಮಕ್ಕಳು ನೂರಕ್ಕೆ ನೂರು ತೆಗೆದಿದ್ದಾರೆ. ಇವತ್ತಿನಷ್ಟು ಖುಷಿ ನನಗೆ ಯಾವತ್ತೂ ಆಗಿರಲಿಲ್ಲ.

ವರದಿಯ ಪ್ರತಿ ನನಗೊಂದು ಕೊಟ್ಟಳು. ಕೊನೆಯ ಪುಟದಲ್ಲಿ "ಎಣಿಕೆ: ಸರೋಜಾ" ಅಂತ ನನ್ನ ಹೆಸರಿತ್ತು. ಕುರಿ ನೂರಾ ನಲವತ್ತು ಅನ್ನುವುದೂ ಇತ್ತು.

ಅವಳ ಸ್ಕೂಟರಿನ ಹಿಂದೆ ಕೂತು ಮನೆಗೆ ಬಂದೆ. ಇಬ್ಬರ ಕೈಯಲ್ಲೂ ಸಾಮಾನು. ಬಾಗಿಲ ಹತ್ತಿರ ಇಬ್ಬರೂ ಒಂದೇ ಸಲ ಕಾಲೆತ್ತಿದೆವು, ಭುಜಕ್ಕೆ ಭುಜ ತಾಗಿತು. ಅವಳು ಹಿಂದೆ ಸರಿದು, "ನೀವು ಮೊದ್ಲು ಹೋಗ್ರಿ ಅತ್ತೆ" ಅಂದಳು.

"ನೀನು ನನ್ನ ಬಲಗಡೆ ಇದ್ದಿ" ಅಂದೆ. "ಕಾನೂನು ಐತೆ. ನಡಿ ಒಳಗೆ."